ಸುಂಕವಿಲ್ಲದ ಸುಂಕದ ಕಟ್ಟೆ: ಬ್ರೆಕ್ಸಿಟ್ ನಂತರದ ಬ್ರಿಟನ್ನಿನ ಕಾರ್ಖಾನೆಗಳು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಸ್ನೇಹಿತರೆ, ಇಂದಿನ ಮಾತನ್ನು ಒಂದು ಲೋಹದ ತುಂಡಿನಿಂದ ಆರಂಭಿಸುತ್ತೇನೆ. ಕಾರಿನ ಎಂಜಿನ್ನಿನೊಳಗೆ ಕ್ರ್ಯಾಂಕ್‌ಶಾಫ್ಟ್ ಎಂಬ ಭಾಗವಿರುತ್ತದೆ. ಪಿಸ್ಟನ್ನುಗಳು ಮೇಲಕ್ಕೂ ಕೆಳಕ್ಕೂ ಆಡುತ್ತವೆ, ಆ ಆಟವನ್ನು ಚಕ್ರ ತಿರುಗಿಸುವ ಚಲನೆಯಾಗಿ ಮಾಡಿಕೊಡುವುದು ಇದರ ಕೆಲಸ. ಬ್ರಿಟನ್ನಿನ ಆಕ್ಸ್‌ಫರ್ಡ್‌ನಲ್ಲಿ ತಯಾರಾಗುವ ಮಿನಿ ಕಾರಿಗೆ ಈ ತುಂಡು ಹೇಗೆ ಬರುತ್ತಿತ್ತು ಎಂಬುದನ್ನು 2017ರಲ್ಲಿ ಅಲ್ಲಿನ ಪತ್ರಿಕೆಗಳು ವಿವರವಾಗಿ ಬರೆದಿದ್ದವು. ಅದರ ಎರಕ ಫ್ರಾನ್ಸಿನಲ್ಲಿ. ಎರಕ ಹೊಯ್ದ ಒರಟು ತುಂಡು ಇಂಗ್ಲಿಷ್ ಕಾಲುವೆ ದಾಟಿ ವಾರ್ವಿಕ್‌ಷೈರ್‌ನ ಹ್ಯಾಮ್ಸ್ ಹಾಲ್ ಕಾರ್ಖಾನೆಗೆ ಬರುತ್ತಿತ್ತು. ಅಲ್ಲಿ ಅದನ್ನು ಕೊರೆದು, ಕಡೆದು, ಅಳತೆಗೆ ತರುತ್ತಿದ್ದರು. ಹದವಾದ ತುಂಡು ಮತ್ತೆ ಕಾಲುವೆ ದಾಟಿ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಎಂಜಿನ್ನಿನೊಳಗೆ ಕೂರುತ್ತಿತ್ತು. ಆ ಎಂಜಿನ್ ಮೂರನೆಯ ಸಲ ಕಾಲುವೆ ದಾಟಿ ಆಕ್ಸ್‌ಫರ್ಡ್‌ಗೆ ಬಂದು ಕಾರನ್ನು ಸೇರುತ್ತಿತ್ತು. ಕಾರನ್ನು ಕೊಂಡವರು ಬೆಲ್ಜಿಯಮ್ಮಿನವರೋ ಇಟಲಿಯವರೋ ಆಗಿದ್ದರೆ ಅದೇ ತುಂಡು ನಾಲ್ಕನೆಯ ಸಲ ಅದೇ ನೀರನ್ನು ದಾಟುತ್ತಿತ್ತು. ಕಾರು ರಸ್ತೆ ಕಾಣುವ ಮೊದಲೇ ಅದರೊಳಗಿನ ಒಂದು ಭಾಗ ಸುಮಾರು 3,200 ಕಿಲೋಮೀಟರ್ ಓಡಿ ಮುಗಿಸಿರುತ್ತಿತ್ತು.

ಇದನ್ನು ಕೇಳಿದವರು ಸಾಮಾನ್ಯವಾಗಿ ಎಂಥ ದುಂದು ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎರಕದಲ್ಲಿ ಕೈ ಪಳಗಿದವರು ಎರಕ ಹೊಯ್ದರು, ಕಡೆಯುವುದರಲ್ಲಿ ನುರಿತವರು ಕಡೆದರು, ಎಂಜಿನ್ ಜೋಡಿಸಲು ಬಲ್ಲವರು ಜೋಡಿಸಿದರು. ಇದೆಲ್ಲ ಲಾಭದ ಬಾಬತ್ತಾಗಿದ್ದಕ್ಕೆ ಕಾರಣ ಒಂದೇ. ಆ ಮೂರು ದಾಟುಗಳಲ್ಲಿ ಒಂದು ಕಡೆಯೂ ಯಾರೂ ಲಾರಿಯನ್ನು ನಿಲ್ಲಿಸಿ, ಇದೇನು, ಎಲ್ಲಿಯದು, ಇದರ ಬೆಲೆ ಎಷ್ಟು, ಇದರೊಳಗಿನ ಲೋಹ ಯಾವ ದೇಶದ್ದು ಎಂದು ಕೇಳುತ್ತಿರಲಿಲ್ಲ. ಫ್ರಾನ್ಸಿನ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಸರಕು ಹೋದ ಹಾಗೆಯೇ ಅದು ಬ್ರಿಟನ್ನಿಗೂ ಹೋಗುತ್ತಿತ್ತು.

ವ್ಯಾಪಾರ ಒಕ್ಕೂಟದ ಸದಸ್ಯತ್ವದಿಂದ ಒಂದು ದೇಶದ ಕಾರ್ಖಾನೆಗೆ ಸಿಗುವುದೇನು ಎಂದು ಕೇಳಿದರೆ ಹೆಚ್ಚಿನವರು ಸುಂಕದ ವಿನಾಯಿತಿ ಎನ್ನುತ್ತಾರೆ. ಅದು ಸಣ್ಣ ಪಾಲು. ದೊಡ್ಡ ಪಾಲು, ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬ ಭರವಸೆ. ಬ್ರಿಟನ್ 2020ರಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬಂದಾಗ (ಇದಕ್ಕೇ ಬ್ರೆಕ್ಸಿಟ್ ಎಂದು ಹೆಸರು) ಸುಂಕದ ವಿನಾಯಿತಿಯನ್ನು ಹೆಚ್ಚೂಕಡಿಮೆ ಪೂರ್ತಿ ಉಳಿಸಿಕೊಂಡಿತು, ಆ ಭರವಸೆಯನ್ನು ಕಳೆದುಕೊಂಡಿತು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಮೊದಲು ಒಂದಿಷ್ಟು ಇತಿಹಾಸ. ಒಕ್ಕೂಟದ ಸದಸ್ಯ ದೇಶಗಳು 1968ರಲ್ಲಿ ತಮ್ಮ ನಡುವಿನ ಸುಂಕವನ್ನು ಪೂರ್ತಿ ತೆಗೆದು, ಹೊರಗಿನವರಿಗೆಲ್ಲ ಒಂದೇ ಸುಂಕವನ್ನು ನಿಗದಿ ಮಾಡಿಕೊಂಡವು. ಇದಕ್ಕೆ ಸುಂಕ ಒಕ್ಕೂಟ ಎಂದು ಹೆಸರು. ಬ್ರಿಟನ್ 1973ರ ಜನವರಿ 1ರಂದು ಇದರೊಳಗೆ ಬಂತು. ಸುಂಕ ಹೋದರೂ ತಕರಾರು ಹೋಗಿರಲಿಲ್ಲ. ಒಂದೊಂದು ದೇಶಕ್ಕೂ ತನ್ನದೇ ಮಾನಕ, ತನ್ನದೇ ಪರೀಕ್ಷೆ, ತನ್ನದೇ ಮುದ್ರೆ. ಅದನ್ನೂ ಒಂದಾಗಿಸಿದ್ದು 1993ರ ಜನವರಿ 1ರಿಂದ ಜಾರಿಯಾದ ಏಕ ಮಾರುಕಟ್ಟೆ. ಸುಂಕ ಒಕ್ಕೂಟದಿಂದ ಗಡಿಯಲ್ಲಿ ಹಣ ಕೇಳುವವರು ಹೋದರು, ಏಕ ಮಾರುಕಟ್ಟೆಯಿಂದ ಗಡಿಯಲ್ಲಿ ಕಾಗದ ಕೇಳುವವರು ಹೋದರು. ಈ ಎರಡರ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಏಕ ಮಾರುಕಟ್ಟೆಯ ಪರವಾಗಿ ಬಲವಾಗಿ ವಾದಿಸಿದವರಲ್ಲಿ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮುಖ್ಯರು. ಯುರೋಪಿಗೆಲ್ಲ ಕಾರು ಮಾರಬೇಕಾದರೆ ಬ್ರಿಟನ್ನಿನಲ್ಲಿ ಕಾರ್ಖಾನೆ ತೆರೆಯಿರಿ ಎಂದು ಜಪಾನಿನ ಕಂಪನಿಗಳನ್ನು ಕರೆತರಲು ಅವರ ಸರ್ಕಾರ ಶ್ರಮಿಸಿತು. 1986ರಲ್ಲಿ ಸಂಡರ್‌ಲ್ಯಾಂಡ್‌ನಲ್ಲಿ ನಿಸಾನ್ ಕಾರ್ಖಾನೆ ಶುರುವಾಯಿತು. ಸ್ವಿಂಡನ್‌ನಲ್ಲಿ ಹೋಂಡಾ ಬಂತು, ಡರ್ಬಿಷೈರ್‌ನ ಬರ್ನಾಸ್ಟನ್‌ನಲ್ಲಿ ಟೊಯೊಟಾ ಬಂತು. ಅವರು ಹೂಡಿಕೆ ಮಾಡಿದ್ದು ಬ್ರಿಟನ್ ಒಂದನ್ನೇ ನೋಡಿ ಅಲ್ಲ, ಬ್ರಿಟನ್ನಿನ ಬಾಗಿಲಿನಿಂದ ಕಾಣುವ ಇಡೀ ಖಂಡವನ್ನು ನೋಡಿ.

ಆ ಕಾರ್ಖಾನೆಗಳ ಒಳಗನ್ನು ಒಂದು ನಿಮಿಷ ನೋಡೋಣ. ದಾಸ್ತಾನು ಇಡದೆ, ಬೇಕಾದ ಭಾಗ ಬೇಕಾದ ಗಳಿಗೆಗೆ ಬಂದು ತಲುಪುವಂತೆ ಮಾಡುವ ಪದ್ಧತಿ ಜಪಾನಿನವರ ದೊಡ್ಡ ಕೊಡುಗೆ. 2017ರ ನವೆಂಬರ್‌ನಲ್ಲಿ ಹೋಂಡಾದ ಅಧಿಕಾರಿಗಳು ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಸ್ವಿಂಡನ್‌ಗೆ ಯುರೋಪಿನಿಂದ ದಿನಕ್ಕೆ 350 ಲಾರಿಗಳು ಬರುತ್ತವೆ, ಜೋಡಣಾ ಸಾಲಿನ ಪಕ್ಕದಲ್ಲಿ ಇರುವುದು ಒಂದು ಗಂಟೆಗೆ ಸಾಲುವಷ್ಟು ಬಿಡಿಭಾಗ ಮಾತ್ರ ಎಂದರು. ಒಂದು ಗಂಟೆ! ಕಾಲುವೆಯ ಆಚೆ ಲಾರಿ ಹೊರಟಿದೆ, ಈಚೆ ಕೆಲಸಗಾರ ಕೈ ಚಾಚಿ ನಿಂತಿದ್ದಾನೆ, ಅವನ ಕೈಗೆ ಆ ಭಾಗ ಬಂದು ಬೀಳಬೇಕು. ನಡುವೆ ಗೋದಾಮು ಎಂಬುದಿಲ್ಲ. ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ಕಲೇ ಬಂದರುಗಳ ನಡುವಿನ ಹಡಗೂ ನೀರಿನಡಿಯ ಸುರಂಗವೂ ಆ ಕಾರ್ಖಾನೆಗೆ ಒಳಗಿನ ಓಣಿಗಳ ಹಾಗೆ. ಗಡಿಯಲ್ಲಿ ಹದಿನೈದು ನಿಮಿಷ ತಡವಾದರೂ ಅದು ವರ್ಷದ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ಕಂಪನಿಗಳು ಕೂತು ಲೆಕ್ಕ ಹಾಕತೊಡಗಿದ್ದು ಈ ಕಾರಣಕ್ಕೆ.

2016ರ ಜೂನ್ 23ರಂದು ಜನಮತಗಣನೆ ನಡೆಯಿತು. ಹೊರಹೋಗಬೇಕು ಎಂದವರು ಶೇ 51.9. ನಿಸಾನ್ ಕಾರ್ಖಾನೆ ಇರುವ ಸಂಡರ್‌ಲ್ಯಾಂಡ್‌ನಲ್ಲೇ ಶೇ 61ರಷ್ಟು ಮಂದಿ ಹೊರಹೋಗುವುದಕ್ಕೆ ಮತ ಹಾಕಿದರು. ತಮ್ಮ ಅನ್ನಕ್ಕೆ ತಾವೇ ಕಲ್ಲು ಹಾಕಿಕೊಂಡರು ಎಂದು ಅವರನ್ನು ಆಗ ಬಹಳ ಜನ ಆಡಿಕೊಂಡರು. ನಾನು ಅದನ್ನು ಒಪ್ಪುವುದಿಲ್ಲ. ಹಡಗುಕಟ್ಟೆಗಳೂ ಕಲ್ಲಿದ್ದಲು ಗಣಿಗಳೂ ಮುಚ್ಚಿಹೋದ ಊರು ಅದು. ಆ ಜನ ಅಂದು ಉತ್ತರ ಕೊಟ್ಟದ್ದು ಸುಂಕದ ಪ್ರಶ್ನೆಗೆ ಅಲ್ಲವೇ ಅಲ್ಲ. ಅವರ ಅಸಮಾಧಾನ ನಿಜವಾದದ್ದು. ಹಾಗೆಂದು ಅದರಿಂದ ಕಾರ್ಖಾನೆಗೆ ಏನಾಯಿತು ಎಂಬುದನ್ನು ಹೇಳದೆ ಬಿಡುವುದಕ್ಕೂ ಬರುವುದಿಲ್ಲ.

ಮತದ ಮಾರನೆಯ ದಿನ ಪೌಂಡ್ ಡಾಲರಿನ ಎದುರು ಮೂವತ್ತು ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಕುಸಿಯಿತು. ಪಠ್ಯಪುಸ್ತಕದ ಪ್ರಕಾರ ಇದು ರಫ್ತುದಾರನಿಗೆ ಸುಗ್ಗಿಯಾಗಬೇಕು, ಅವನ ಮಾಲು ಹೊರಗಿನವರಿಗೆ ಅಗ್ಗವಾಗುತ್ತದೆ. ಆದರೆ ಕ್ರ್ಯಾಂಕ್‌ಶಾಫ್ಟಿನ ಕಥೆ ನೆನಪಿಸಿಕೊಳ್ಳಿ. ಬ್ರಿಟನ್ನಿನಲ್ಲಿ ತಯಾರಾದ ಕಾರಿನೊಳಗೆ ಅರ್ಧಕ್ಕಿಂತ ಹೆಚ್ಚು ಬೆಲೆಯ ಭಾಗಗಳು ಹೊರಗಿನಿಂದ ಬಂದವು. ಪೌಂಡ್ ಬಿದ್ದಾಗ ಅವೆಲ್ಲ ದುಬಾರಿಯಾದವು. ಬಲಗೈಗೆ ಬಂದದ್ದು ಎಡಗೈಯಿಂದ ಜಾರಿಹೋಯಿತು. ಗಡಿಯಾಚೆಗೂ ಚಾಚಿಕೊಂಡ ಪೂರೈಕೆ ಸರಪಳಿ ಇರುವ ಕಡೆ ನಾಣ್ಯದ ಅಪಮೌಲ್ಯ ಹಳೆಯ ಕಾಲದಷ್ಟು ಕೆಲಸ ಮಾಡುವುದಿಲ್ಲ.

ಅಲ್ಲಿಂದ ನಾಲ್ಕೂವರೆ ವರ್ಷ ಬರೀ ಕಾಯುವಿಕೆ. ನನ್ನ ಪ್ರಕಾರ ಆ ಕಾಯುವಿಕೆಯೇ ಮೊದಲ ನಷ್ಟ. ಕಾರಿನ ಹೊಸ ಮಾದರಿಯನ್ನು ಎಲ್ಲಿ ತಯಾರಿಸಬೇಕು ಎಂಬುದು ಏಳೆಂಟು ವರ್ಷ ಮುಂದೆ ನೋಡಿ ಮಾಡುವ ತೀರ್ಮಾನ. ನಾಳೆ ಸುಂಕ ಶೇ 10 ಇರುತ್ತದೋ ಸೊನ್ನೆ ಇರುತ್ತದೋ ಗೊತ್ತಿಲ್ಲದಾಗ ಯಾರು ಹಣ ಹಾಕುತ್ತಾರೆ? 2016ರ ನಂತರ ಬ್ರಿಟನ್ನಿನಲ್ಲಿ ಉದ್ದಿಮೆಗಳ ಹೂಡಿಕೆ ನಿಂತ ನೀರಾಯಿತು. ಹೊರಹೋಗುವ ದಿನ ಮೊದಲು 2019ರ ಮಾರ್ಚ್ 29 ಎಂದು ನಿಗದಿಯಾಗಿತ್ತು. ಒಪ್ಪಂದವಿಲ್ಲದೆ ಹೊರಬಿದ್ದರೆ ಬಿಡಿಭಾಗಗಳೇ ಬಾರದೆ ಹೋಗಬಹುದು ಎಂದು ಆಕ್ಸ್‌ಫರ್ಡ್‌ನ ಮಿನಿ ಕಾರ್ಖಾನೆ ತನ್ನ ಬೇಸಿಗೆಯ ವಾರ್ಷಿಕ ದುರಸ್ತಿ ರಜೆಯನ್ನು ಏಪ್ರಿಲ್‌ಗೆ ಹಿಂದಕ್ಕೆ ತಂದಿತು. ಕೆಲಸಗಾರರು ತಮ್ಮ ರಜೆಗಳನ್ನು ಹೊಂದಿಸಿಕೊಂಡರು, ಪೂರೈಕೆದಾರರು ತಮ್ಮ ವೇಳಾಪಟ್ಟಿಗಳನ್ನು ತಿದ್ದಿಕೊಂಡರು. ಕಡೆಯ ಗಳಿಗೆಯಲ್ಲಿ ದಿನಾಂಕ ಮುಂದಕ್ಕೆ ಹೋಯಿತು. ಕಾರ್ಖಾನೆ ಹೇಗೂ ಏಪ್ರಿಲ್ ಪೂರ್ತಿ ಮುಚ್ಚಿತ್ತು, ನಿರ್ಧಾರ ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಅದೇ ತಿಂಗಳುಗಳಲ್ಲಿ ಉಳಿದ ಕಾರ್ಖಾನೆಗಳು ಸಿಕ್ಕ ಸಿಕ್ಕ ಗೋದಾಮು ಹಿಡಿದು ದಾಸ್ತಾನು ತುಂಬಿದವು. ಒಂದು ಗಂಟೆಯ ದಾಸ್ತಾನಿನಲ್ಲಿ ಬದುಕುವುದನ್ನು ಮೂವತ್ತು ವರ್ಷ ಕಲಿತವರು ಅದನ್ನೇ ಮರೆಯಬೇಕಾಗಿ ಬಂದ ಕಾಲ ಅದು.

ಕೊನೆಗೆ 2020ರ ಡಿಸೆಂಬರ್ 24ರಂದು ಒಪ್ಪಂದವಾಯಿತು. ಒಂದು ವಾರ ಕಳೆದರೆ ಜಾರಿ. ಸಾವಿರಕ್ಕೂ ಹೆಚ್ಚು ಪುಟಗಳ ಆ ದಾಖಲೆಯನ್ನು ಓದಿ ಅರಗಿಸಿಕೊಳ್ಳಲು ಕಾರ್ಖಾನೆಗಳಿಗೆ ಸಿಕ್ಕಿದ್ದು ಕ್ರಿಸ್ಮಸ್ ರಜೆ. ಪತ್ರಿಕೆಗಳಲ್ಲಿ ದಪ್ಪಕ್ಷರದ ಸುದ್ದಿ, ಸೊನ್ನೆ ಸುಂಕ, ಸೊನ್ನೆ ಕೋಟಾ, ಅಂದರೆ ಸರಕಿನ ಪ್ರಮಾಣಕ್ಕೂ ಮಿತಿಯಿಲ್ಲ. ಅದು ನಿಜವೂ ಹೌದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಹಾಗಾಯಿತು. ವರ ಒಪ್ಪಂದದಲ್ಲಿದೆ, ಅದನ್ನು ಪಡೆಯಬೇಕಾದದ್ದು ಗಡಿಯ ಕಿಟಕಿಯಲ್ಲಿ.

ನಾನು ಹಲವು ವರ್ಷ ರಫ್ತು ವಿಭಾಗದಲ್ಲಿ ದಾಖಲೆಪತ್ರಗಳ ಕೆಲಸ ಮಾಡಿದವನು. ಸರಕಿನ ವರ್ಗೀಕರಣ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದಕ್ಕೆ ನಮ್ಮ ಒಂದು ಇಡೀ ಪೆಟ್ಟಿಗೆ ಬಂದರಿನಲ್ಲಿ ಒಂಬತ್ತು ದಿನ ಕುಳಿತದ್ದನ್ನು ಕಂಡಿದ್ದೇನೆ. ಅದಕ್ಕಾಗಿ ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಸರಕು ಇಡುವ ಮರದ ಪ್ಯಾಲೆಟ್ಟಿನಿಂದ ಶುರು ಮಾಡೋಣ. ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿದ ಸಾಮಾನ್ಯ ಚೌಕಟ್ಟು, ಫೋರ್ಕ್‌ಲಿಫ್ಟ್ ಎತ್ತುವುದು ಅದನ್ನೇ. ಮರದೊಳಗಿನ ಹುಳುಗಳು ದೇಶದಿಂದ ದೇಶಕ್ಕೆ ಹೋಗದಿರಲೆಂದು ಒಂದು ಅಂತರರಾಷ್ಟ್ರೀಯ ನಿಯಮವಿದೆ. ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ತಾಗಬೇಕು, ಹಾಗೆ ತಾಗಿದೆ ಎಂಬ ಮುದ್ರೆಯನ್ನು ಮರದ ಮೇಲೆ ಒತ್ತಿರಬೇಕು. ಒಕ್ಕೂಟದ ಒಳಗಿನ ಸಾಗಣೆಗೆ ಇದು ಬೇಕಿರಲಿಲ್ಲ. 2021ರ ಜನವರಿ 1ರಿಂದ ಬ್ರಿಟನ್ನಿಗೂ ಒಕ್ಕೂಟಕ್ಕೂ ನಡುವೆ ಓಡಾಡುವ ಪ್ರತಿ ಪ್ಯಾಲೆಟ್ಟಿಗೂ ಬೇಕಾಯಿತು. ಅದೇ ಮರ, ಅದೇ ಕಾಡು, ಅದೇ ಹುಳು. ಡಿಸೆಂಬರ್ 31ರ ರಾತ್ರಿ ಬದಲಾದದ್ದು ಕಾನೂನು ಮಾತ್ರ. ಒಳಗಿರುವ ಯಂತ್ರದ ಕಾಗದಗಳೆಲ್ಲ ಸರಿಯಾಗಿದ್ದರೂ ಅಡಿಯ ಹಲಗೆಗೆ ಮುದ್ರೆ ಇಲ್ಲವೆಂದು ಸರಕು ಹಿಂದಿರುಗಬಹುದಾದ ಕಾಲ ಬಂತು.

ಇನ್ನು ಲಾರಿ. ದೊಡ್ಡ ಕಾರ್ಖಾನೆಗೆ ಇಡೀ ಲಾರಿ ಅದರದೇ. ಸಣ್ಣ ತಯಾರಕರು ಹಾಗಲ್ಲ. ಹತ್ತಿಪ್ಪತ್ತು ಮಂದಿಯ ಸರಕು ಒಂದೇ ಲಾರಿಯಲ್ಲಿ ಹಂಚಿಕೊಂಡು ಹೋಗುತ್ತದೆ. ಒಬ್ಬರದು ಕವಾಟ, ಇನ್ನೊಬ್ಬರದು ಬಣ್ಣ, ಮತ್ತೊಬ್ಬರದು ಪೀಠೋಪಕರಣ. ಮೊದಲು ಇದರಿಂದ ಎಲ್ಲರಿಗೂ ಅನುಕೂಲವಿತ್ತು. ಈಗ ಆ ಹತ್ತಿಪ್ಪತ್ತರಲ್ಲಿ ಒಬ್ಬರ ಕಾಗದ ತಪ್ಪಿದ್ದರೂ ಇಡೀ ಲಾರಿ ನಿಲ್ಲುತ್ತದೆ. ಸಾಗಣೆದಾರರು ಏನು ಮಾಡಿಯಾರು? ಸಣ್ಣವರ ಸರಕನ್ನು ಹತ್ತಿಸಿಕೊಳ್ಳಲು ಹಿಂಜರಿದರು, ಹತ್ತಿಸಿಕೊಂಡರೂ ಹೆಚ್ಚು ಬಾಡಿಗೆ ಕೇಳಿದರು. ಚಾಲಕನಿಗೆ ಕಿಟಕಿಯಲ್ಲಿ ಮಾತಾಡಿ ಬಗೆಹರಿಸುವ ದಾರಿಯೂ ಇಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆಗುವುದೇನು? ಅವನೆದುರಿನ ಪರದೆಯಲ್ಲಿ ಸಂಖ್ಯೆ ಹೊಂದಿಕೆಯಾಗಬೇಕು, ಅಷ್ಟೆ.

ಇದೆಲ್ಲದರ ಗಾತ್ರ ಎಷ್ಟು? ಬ್ರಿಟನ್ನಿನ ತೆರಿಗೆ ಇಲಾಖೆಗೆ ಮೊದಲು ವರ್ಷಕ್ಕೆ ಸುಮಾರು 5.5 ಕೋಟಿ ಸುಂಕ ಘೋಷಣೆಗಳು, ಅಂದರೆ ಸರಕಿನ ವಿವರ ಬರೆದುಕೊಡುವ ಪತ್ರಗಳು, ಬರುತ್ತಿದ್ದವು. ಒಕ್ಕೂಟದಿಂದ ಹೊರಬಂದ ಮೇಲೆ ಅದು 27 ಕೋಟಿ ಆಗಬಹುದು ಎಂದು ಅಂದಾಜಾಗಿತ್ತು. ಯುರೋಪಿನೊಂದಿಗಿನ ವ್ಯಾಪಾರದ ಘೋಷಣೆಗಳಿಗೇ ಬ್ರಿಟಿಷ್ ಉದ್ದಿಮೆಗಳು ವರ್ಷಕ್ಕೆ 750 ಕೋಟಿ ಪೌಂಡ್ ಖರ್ಚು ಮಾಡಬೇಕಾದೀತು ಎಂದು ಇಲಾಖೆಯೇ ಲೆಕ್ಕ ಹಾಕಿತ್ತು. ಈ ಹಣದಿಂದ ಒಂದು ಬೋಲ್ಟು ಹೆಚ್ಚು ತಯಾರಾಗುವುದಿಲ್ಲ. ಸುಂಕ ಕಟ್ಟಿದ್ದರೆ ಅದು ಸರ್ಕಾರದ ಬೊಕ್ಕಸಕ್ಕಾದರೂ ಹೋಗುತ್ತಿತ್ತು, ಶಾಲೆಗೋ ಆಸ್ಪತ್ರೆಗೋ ಆಗುತ್ತಿತ್ತು. ಇದು ಬೊಕ್ಕಸಕ್ಕೂ ಇಲ್ಲ, ಕಾರ್ಖಾನೆಗೂ ಇಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಇದನ್ನು ಕಂಡು.

ಈಗ ಈ ವಿಷಯದ ನಡುಮನೆಗೆ ಬರೋಣ. ಮೂಲದ ನಿಯಮ. ಒಪ್ಪಂದದ ಪ್ರಕಾರ ಸೊನ್ನೆ ಸುಂಕ ಸಿಗುವುದು ಬ್ರಿಟನ್ನಿನಿಂದ ಬಂದ ಸರಕಿಗೆ ಅಲ್ಲ, ಬ್ರಿಟನ್ನಿನದೇ ಆದ ಸರಕಿಗೆ. ಎರಡಕ್ಕೂ ಬಹಳ ದೂರ. ಬ್ರಿಟನ್ ಒಳಗಿದ್ದಾಗ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಎಲ್ಲರಿಗೂ ಹೊರಸುಂಕ ಒಂದೇ ಆದ್ದರಿಂದ, ಒಮ್ಮೆ ಸುಂಕ ಕಟ್ಟಿ ಒಳಬಂದ ವಸ್ತು ಎಲ್ಲಿ ಬೇಕಾದರೂ ಓಡಾಡಬಹುದಿತ್ತು. ಹೊರಬಂದ ಮೇಲೆ ಬ್ರಿಟನ್ ತನ್ನದೇ ಹೊರಸುಂಕ ಇಟ್ಟುಕೊಳ್ಳುತ್ತದೆ. ಹಾಗಾಗಿ ಬೇರೆ ದೇಶದ ಮಾಲು ಬ್ರಿಟನ್ನಿನ ಹಿತ್ತಲ ಬಾಗಿಲಿನಿಂದ ಯುರೋಪಿಗೆ ನುಸುಳದಂತೆ ಒಕ್ಕೂಟ ನೋಡಿಕೊಳ್ಳಬೇಕು. ಅದರ ಕಡೆಯಿಂದ ನೋಡಿದರೆ ಇದು ನ್ಯಾಯವೇ.

ಇದರಿಂದ ಆದ ವಿಚಿತ್ರವೊಂದು 2021ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳಲ್ಲಿ ಪರ್ಸಿ ಪಿಗ್ ಎಂಬ ಮಿಠಾಯಿ ಮಾರುತ್ತಾರೆ. ಅದು ತಯಾರಾಗುವುದು ಜರ್ಮನಿಯಲ್ಲಿ. ಅಲ್ಲಿಂದ ಬ್ರಿಟನ್ನಿನ ಗೋದಾಮಿಗೆ ಬಂದು, ಅಲ್ಲಿಂದ ಐರ್ಲೆಂಡಿನ ಅಂಗಡಿಗಳಿಗೆ ಹೋಗುತ್ತಿತ್ತು. ಜರ್ಮನಿಯೂ ಒಕ್ಕೂಟದ ಸದಸ್ಯ, ಐರ್ಲೆಂಡೂ ಸದಸ್ಯ. ಆದರೂ ಬ್ರಿಟನ್ನಿನ ಗೋದಾಮಿನಲ್ಲಿ ಬರೀ ತಂಗಿ ಬಂದ ಮಿಠಾಯಿ ಐರ್ಲೆಂಡನ್ನು ಸೇರುವಾಗ ಸುಂಕಕ್ಕೆ ಒಳಗಾಗಬಹುದು ಎಂದು ಕಂಪನಿಯ ಮುಖ್ಯಸ್ಥರು ಹೇಳಿದರು. ಬ್ರಿಟನ್ನಿನಲ್ಲಿ ಅದಕ್ಕೆ ಏನನ್ನೂ ಮಾಡಿಲ್ಲವಾದ್ದರಿಂದ ಅದು ಬ್ರಿಟನ್ನಿನದಲ್ಲ, ಒಕ್ಕೂಟದಿಂದ ಒಮ್ಮೆ ಹೊರಗೆ ಹೋದ್ದರಿಂದ ಒಕ್ಕೂಟದ್ದೂ ಅಲ್ಲ. ಬ್ರಿಟನ್ನನ್ನು ಹಂಚಿಕೆಯ ಕೇಂದ್ರವಾಗಿಸಿಕೊಂಡಿದ್ದ ಎಷ್ಟೋ ವ್ಯಾಪಾರಗಳಿಗೆ ನೆಲವೇ ಜಾರಿದ ಹಾಗಾಯಿತು.

ಮಿಠಾಯಿಯ ಲೆಕ್ಕವೇ ಹೀಗಿದ್ದರೆ ಸಾವಿರಾರು ಭಾಗಗಳ ಕಾರಿನ ಗತಿಯೇನು? ಪೆಟ್ರೋಲ್ ಕಾರಿನ ಬೆಲೆಯಲ್ಲಿ ಹೊರಗಿನ ವಸ್ತುಗಳ ಪಾಲು ಶೇ 45 ಮೀರಬಾರದು ಎಂದು ಒಪ್ಪಂದ ಹೇಳುತ್ತದೆ. ಬ್ರಿಟನ್ ಮತ್ತು ಒಕ್ಕೂಟ ಎರಡೂ ಕಡೆಯ ಭಾಗಗಳನ್ನು ಒಳಗಿನವೆಂದೇ ಎಣಿಸಬಹುದು, ಅದೊಂದು ದೊಡ್ಡ ಸಮಾಧಾನ. ಆದರೆ ಜಪಾನಿನದೋ ಟರ್ಕಿಯದೋ ಭಾಗವಾದರೆ ಹೊರಗಿನದು. ಎರಡೂ ಕಡೆಯವರಿಗೆ ಅವರೊಂದಿಗೆ ಪ್ರತ್ಯೇಕ ಒಪ್ಪಂದಗಳಿದ್ದರೂ ಅಷ್ಟೆ. ಇದನ್ನು ಸಾಬೀತು ಮಾಡಬೇಕಾದರೆ ಕಾರು ತಯಾರಕ ತನ್ನ ಪೂರೈಕೆದಾರನ ಘೋಷಣೆ ತರಿಸಬೇಕು, ಆ ಪೂರೈಕೆದಾರ ತನಗೆ ಪೂರೈಸುವವನಿಂದ ತರಿಸಬೇಕು, ಅವನು ಅವನ ಹಿಂದಿನವನಿಂದ. ಇಪ್ಪತ್ತು ಜನ ಕೆಲಸ ಮಾಡುವ ಒಂದು ಸಣ್ಣ ಕಾರ್ಖಾನೆಗೆ, ತಾನು ಮಾಡುವ ರಬ್ಬರ್ ಉಂಗುರದ ರಬ್ಬರು ಎಲ್ಲಿಯದು ಎಂದು ಬರೆದುಕೊಡುವ ಕೆಲಸ ಹೊಸದಾಗಿ ಹೆಗಲೇರಿತು. ಇಷ್ಟೆಲ್ಲ ಯಾರು ಮಾಡುತ್ತಾರೆ ಎಂದು ಕೆಲವರು ಅರ್ಹತೆಯಿದ್ದೂ ಸುಮ್ಮನೆ ಸುಂಕ ಕಟ್ಟಿಬಿಟ್ಟರು. ಸುಂಕ ಕಡಿಮೆಯಿರುವ ಸರಕಿನಲ್ಲಿ ಆ ಲೆಕ್ಕಾಚಾರ ಸರಿಯೂ ಹೌದು.

ವಿದ್ಯುತ್ ಕಾರಿನದು ಇನ್ನೂ ಬಿಗಿಯಾದ ಕಥೆ. ಅದರ ಬೆಲೆಯಲ್ಲಿ ಬ್ಯಾಟರಿಯದೇ ದೊಡ್ಡ ಪಾಲು, ಬ್ಯಾಟರಿಯ ಕೋಶಗಳು ಹೆಚ್ಚಾಗಿ ಬರುವುದು ಪೂರ್ವ ಏಷ್ಯಾದಿಂದ. ಆದ್ದರಿಂದ ಮೊದಲಿಗೆ ಶೇ 60ರವರೆಗೆ ಹೊರಗಿನ ಪಾಲಿಗೆ ಅವಕಾಶವಿತ್ತು. 2024ರಿಂದ ಶೇ 55, 2027ರಿಂದ ಶೇ 45, ಆಗ ಬ್ಯಾಟರಿಯೂ ಒಳಗಿನದೇ ಆಗಿರಬೇಕು ಎಂದು ಮೆಟ್ಟಿಲು ಕಟ್ಟಿದರು. 2024 ಹತ್ತಿರವಾದರೂ ಬ್ಯಾಟರಿ ಕಾರ್ಖಾನೆಗಳು ಬ್ರಿಟನ್ನಿನಲ್ಲೂ ಯುರೋಪಿನಲ್ಲೂ ಸಾಕಷ್ಟು ಎದ್ದಿರಲಿಲ್ಲ. ಬ್ರಿಟನ್ನಿನ ಬ್ರಿಟಿಷ್‌ವೋಲ್ಟ್ ಎಂಬ ಕಂಪನಿ 2023ರ ಜನವರಿಯಲ್ಲಿ ಕುಸಿದೇಬಿತ್ತು. ಹೀಗೇ ಬಿಟ್ಟರೆ ಬ್ರಿಟನ್ನಿನ ವಿದ್ಯುತ್ ಕಾರು ಯುರೋಪಿನಲ್ಲೂ ಯುರೋಪಿನ ವಿದ್ಯುತ್ ಕಾರು ಬ್ರಿಟನ್ನಿನಲ್ಲೂ ಶೇ 10ರ ಸುಂಕ ಹೊರಬೇಕಾಗುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ಹಳೆಯ ಸಡಿಲ ನಿಯಮವನ್ನೇ 2026ರ ಕೊನೆಯವರೆಗೆ ಮುಂದುವರಿಸಿದರು. ಟಾಟಾ ಸಮೂಹ ಸಾಮರ್‌ಸೆಟ್‌ನಲ್ಲಿ 400 ಕೋಟಿ ಪೌಂಡಿಗೂ ಹೆಚ್ಚು ವೆಚ್ಚದ ಬ್ಯಾಟರಿ ಕಾರ್ಖಾನೆ ಕಟ್ಟುವುದಾಗಿ 2023ರ ಜುಲೈಯಲ್ಲಿ ಘೋಷಿಸಿದ್ದರ ಹಿಂದೆ ಬ್ರಿಟಿಷ್ ಸರ್ಕಾರಕ್ಕಿದ್ದ ಆತುರವನ್ನೂ ಈ ಬೆಳಕಿನಲ್ಲೇ ನೋಡಬೇಕು. ಮೂಲದ ನಿಯಮ ಎಂಬ ಒಣ ಪದಕ್ಕೆ ಇಡೀ ಕಾರ್ಖಾನೆಯೊಂದನ್ನು ಇಲ್ಲಿಂದ ಅಲ್ಲಿಗೆ ಎಳೆಯುವ ಶಕ್ತಿಯಿದೆ.

ಮಾನಕಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ನಿಯಮ ನಾವೇ ಮಾಡಿಕೊಳ್ಳುತ್ತೇವೆ ಎಂಬುದು ಹೊರಬರುವುದಕ್ಕೆ ಕೊಟ್ಟ ದೊಡ್ಡ ಕಾರಣಗಳಲ್ಲಿ ಒಂದು. ಸರಕು ಸುರಕ್ಷತೆಯ ಮಾನಕಕ್ಕೆ ಹೊಂದುತ್ತದೆ ಎಂದು ಸಾರುವ ಯುರೋಪಿನ ಸಿಇ ಮುದ್ರೆಗೆ ಬದಲಾಗಿ ಬ್ರಿಟನ್ ಯುಕೆಸಿಎ ಎಂಬ ತನ್ನದೇ ಮುದ್ರೆ ತಂದಿತು. ಎರಡೂ ಕಡೆ ಮಾರುವ ತಯಾರಕ ಒಂದೇ ಯಂತ್ರಕ್ಕೆ ಎರಡು ಸಲ ಪರೀಕ್ಷೆ ಮಾಡಿಸಬೇಕಿತ್ತು. ಗಡುವನ್ನು ಮುಂದೂಡುತ್ತ ಹೋಗಿ, ಕೊನೆಗೆ 2023ರ ಆಗಸ್ಟ್‌ನಲ್ಲಿ ಹೆಚ್ಚಿನ ಸರಕುಗಳಿಗೆ ಸಿಇ ಮುದ್ರೆಯನ್ನೇ ಅನಿರ್ದಿಷ್ಟ ಕಾಲ ಒಪ್ಪುವುದಾಗಿ ಸರ್ಕಾರ ಹೇಳಿತು. ಮೊದಲೇ ಹಣ ಖರ್ಚು ಮಾಡಿ ತಯಾರಾಗಿದ್ದವರ ಖರ್ಚು ಹೋದದ್ದು ಹೋಯಿತು. ರಾಸಾಯನಿಕಗಳದೂ ಇದೇ ಪಾಡು. ಹೆಲ್ಸಿಂಕಿಯ ಐರೋಪ್ಯ ಸಂಸ್ಥೆಯಲ್ಲಿ ಈಗಾಗಲೇ ನೋಂದಾಯಿಸಿದ್ದ ವಸ್ತುಗಳನ್ನೇ ಬ್ರಿಟನ್ನಿನಲ್ಲಿ ಇನ್ನೊಮ್ಮೆ ನೋಂದಾಯಿಸುವುದಕ್ಕೆ ಸುಮಾರು 200 ಕೋಟಿ ಪೌಂಡ್ ಆಗುತ್ತದೆ ಎಂಬ ಅಂದಾಜು ಹೊರಬಂದ ಮೇಲೆ ಆ ಗಡುವುಗಳೂ ಮುಂದಕ್ಕೆ ಹೋದವು. ಒಂದು ಸಣ್ಣ ಮಾರುಕಟ್ಟೆ ದೊಡ್ಡ ಮಾರುಕಟ್ಟೆಯ ಪಕ್ಕದಲ್ಲಿದ್ದು ತನ್ನದೇ ಮಾನಕ ಮಾಡಿಕೊಳ್ಳಬಹುದು. ರಫ್ತು ಮಾಡುವ ಕಾರ್ಖಾನೆ ಮಾತ್ರ ದೊಡ್ಡದರ ಮಾನಕವನ್ನೇ ಅನುಸರಿಸುತ್ತದೆ, ಏಕೆಂದರೆ ಕೊಳ್ಳುವವರು ಅಲ್ಲಿದ್ದಾರೆ.

ಎಲ್ಲ ಉದ್ದಿಮೆಗಳಿಗೂ ಒಂದೇ ತೆರನಾಗಿ ಪೆಟ್ಟು ಬಿತ್ತು ಎಂದರೆ ತಪ್ಪಾಗುತ್ತದೆ. ಏರ್‌ಬಸ್ ವಿಮಾನದ ರೆಕ್ಕೆಗಳು ವೇಲ್ಸ್‌ನ ಬ್ರಾಟನ್‌ನಲ್ಲಿ ತಯಾರಾಗುತ್ತವೆ, ಈಗಲೂ ಅಲ್ಲಿಂದ ಯುರೋಪಿನ ಜೋಡಣಾ ಕೇಂದ್ರಗಳಿಗೆ ಹೋಗುತ್ತಿವೆ. ನಾಗರಿಕ ವಿಮಾನಗಳ ಭಾಗಗಳಿಗೆ ಸುಂಕ ಬೇಡ ಎಂಬ ಬಹುದೇಶೀಯ ಒಪ್ಪಂದ 1980ರಿಂದಲೇ ಜಾರಿಯಲ್ಲಿದೆ, ಬ್ರೆಕ್ಸಿಟ್‌ಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲದೆ ಒಂದು ರೆಕ್ಕೆಯ ಬೆಲೆಗೆ ಹೋಲಿಸಿದರೆ ಅದರ ಕಾಗದದ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಕಾಗದದ ಭಾರ ಸರಕಿನ ಬೆಲೆಯನ್ನು ನೋಡಿ ಬರುವುದಿಲ್ಲ, ಒಂದೊಂದು ಸಾಗಣೆಗೆ ಇಷ್ಟು ಎಂದು ಬರುತ್ತದೆ. ರೆಕ್ಕೆ ಕಳಿಸುವವರಿಗೂ ಒಂದು ಘೋಷಣೆ, ಎರಡು ಪೆಟ್ಟಿಗೆ ಬೋಲ್ಟು ಕಳಿಸುವವರಿಗೂ ಒಂದು ಘೋಷಣೆ.

ಹಾಗಾಗಿ ನಿಜವಾದ ಏಟು ಎಲ್ಲಿ ಬಿತ್ತು ಎಂದು ನೋಡಬೇಕಾದದ್ದು ಸಣ್ಣವರ ಕಡೆಗೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಧ್ಯಯನವೊಂದು 2024ರ ಡಿಸೆಂಬರ್‌ನಲ್ಲಿ ಹೊರಬಂತು. ಒಪ್ಪಂದ ಜಾರಿಗೆ ಬಂದ ಮೇಲೆ ಸುಮಾರು 16,400 ಬ್ರಿಟಿಷ್ ಸಂಸ್ಥೆಗಳು ಒಕ್ಕೂಟಕ್ಕೆ ರಫ್ತು ಮಾಡುವುದನ್ನೇ ಬಿಟ್ಟವು ಎಂದು ಅದು ಹೇಳುತ್ತದೆ. ಹಾಗೆ ರಫ್ತು ಮಾಡುತ್ತಿದ್ದವರಲ್ಲಿ ಇದು ಶೇ 14ರಷ್ಟು. 2022ರಲ್ಲಿ ಬ್ರಿಟನ್ನಿನ ಒಟ್ಟು ಸರಕು ರಫ್ತು ಇದರಿಂದಾಗಿ ಶೇ 6.4ರಷ್ಟು, ಅಂದರೆ 2,700 ಕೋಟಿ ಪೌಂಡಿನಷ್ಟು ಕಡಿಮೆಯಾಯಿತು ಎಂಬುದು ಅದರ ಅಂದಾಜು. ದೊಡ್ಡ ಸಂಸ್ಥೆಗಳು ಮಾತ್ರ ಹೆಚ್ಚೇನೂ ಕಳೆದುಕೊಳ್ಳಲಿಲ್ಲ. ಅವರಲ್ಲಿ ಕಸ್ಟಮ್ಸ್ ವಿಭಾಗವಿತ್ತು, ವಕೀಲರಿದ್ದರು, ಯುರೋಪಿನಲ್ಲಿ ಒಂದು ಗೋದಾಮು ತೆರೆಯುವಷ್ಟು ಬಂಡವಾಳವಿತ್ತು.

ಈ 16,400 ಎಂಬ ಸಂಖ್ಯೆಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. ಇವರಲ್ಲಿ ಹೆಚ್ಚಿನವರು ಬಾಗಿಲು ಮುಚ್ಚಿದವರಲ್ಲ. ಬಾಗಿಲಿಗೆ ಬೀಗ ಬಿದ್ದಿದ್ದರೆ ಸುದ್ದಿಯಾಗುತ್ತಿತ್ತು, ಮುಷ್ಕರವಾಗುತ್ತಿತ್ತು, ಸಚಿವರು ಬಂದು ನೋಡುತ್ತಿದ್ದರು. ಇವರು ಮಾಡಿದ್ದು ಇಷ್ಟೇ. ಹತ್ತು ವರ್ಷಗಳಿಂದ ಆರ್ಡರ್ ಕೊಡುತ್ತಿದ್ದ ನೆದರ್ಲೆಂಡ್ಸ್‌ನ ಗಿರಾಕಿಗೆ, ಕ್ಷಮಿಸಿ, ಇನ್ನು ಮುಂದೆ ಕಳಿಸಲಾಗುವುದಿಲ್ಲ ಎಂದು ಒಂದು ಮಿಂಚಂಚೆ ಬರೆದರು. ಆ ಗಿರಾಕಿ ಪೋಲೆಂಡಿನಲ್ಲಿ ಇನ್ನೊಬ್ಬನನ್ನು ಹುಡುಕಿಕೊಂಡ. ಇಂದಿನ ದೊಡ್ಡ ರಫ್ತುದಾರರೆಲ್ಲ ಒಂದು ಕಾಲಕ್ಕೆ ಹೀಗೇ ಎರಡು ಪೆಟ್ಟಿಗೆ ಕಳಿಸುತ್ತ ಬೆಳೆದವರು.

ಕಾರುಗಳ ಲೆಕ್ಕ ಕೇಳುತ್ತೀರಿ, ಹೇಳುತ್ತೇನೆ. 2016ರಲ್ಲಿ ಬ್ರಿಟನ್ನಿನಲ್ಲಿ 17.2 ಲಕ್ಷ ಕಾರುಗಳು ತಯಾರಾದವು. 2022ರಲ್ಲಿ 7.75 ಲಕ್ಷ, ಅಲ್ಲಿಯವರೆಗೆ 1956ರ ನಂತರದ ಅತ್ಯಂತ ಕಡಿಮೆ. ಈ ಕುಸಿತವನ್ನು ಪೂರ್ತಿಯಾಗಿ ಬ್ರೆಕ್ಸಿಟ್ ತಲೆಗೆ ಕಟ್ಟುವವರಿದ್ದಾರೆ, ಅದು ಪ್ರಾಮಾಣಿಕವಲ್ಲ. ಕೋವಿಡ್ ಬಂತು, ಚಿಪ್‌ಗಳ ಬರ ಬಂತು, ಡೀಸೆಲ್ ಕಾರುಗಳ ಬೇಡಿಕೆ ಬಿತ್ತು, ವಿದ್ಯುತ್ ಕಾರಿನ ಕಡೆಗೆ ಹೊರಳುವ ಕಾಲವೂ ಇದೇ. ಜರ್ಮನಿಗೂ ಇವೆಲ್ಲ ತಟ್ಟಿವೆ. ಆದರೆ ಇಷ್ಟೆಲ್ಲ ಒಟ್ಟಿಗೆ ಬಂದ ಹೊತ್ತಿನಲ್ಲಿ, ಹೊಸ ಮಾದರಿ ಯಾವ ದೇಶಕ್ಕೆ ಕೊಡೋಣ ಎಂದು ಕಂಪನಿಗಳು ಕೂತು ಯೋಚಿಸುವಾಗ, ತಕ್ಕಡಿಯ ಬ್ರಿಟನ್ನಿನ ತಟ್ಟೆಯಲ್ಲಿ ಒಂದು ಕಲ್ಲು ಕಡಿಮೆಯಿತ್ತು. ಸರ್ಕಾರದ ಹಣಕಾಸನ್ನು ಸ್ವತಂತ್ರವಾಗಿ ಅಂದಾಜು ಮಾಡುವ ಬ್ರಿಟನ್ನಿನ ಬಜೆಟ್ ಹೊಣೆಗಾರಿಕೆ ಕಚೇರಿ, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ಒಟ್ಟಾರೆ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಿರುತ್ತದೆ ಎಂಬ ಅಂದಾಜನ್ನು ಇಟ್ಟುಕೊಂಡೇ ಬಂದಿದೆ. ಇದು ಒಂದು ದಿನದ ಏಟಲ್ಲ, ವರ್ಷವರ್ಷವೂ ಇಷ್ಟಿಷ್ಟೇ ಸೋರುವ ಗಡಿಗೆ.

ಸರಪಳಿ ತುಂಡಾದ ಕಡೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ ಎಂಬುದಕ್ಕೆ ಐರ್ಲೆಂಡ್ ಸಾಕ್ಷಿ. ಮೊದಲು ಐರ್ಲೆಂಡಿನ ಲಾರಿಗಳು ಬ್ರಿಟನ್ನಿನ ನೆಲವನ್ನೇ ಸೇತುವೆಯಾಗಿಸಿಕೊಂಡು ಯುರೋಪಿಗೆ ಹೋಗುತ್ತಿದ್ದವು. 2021ರ ಜನವರಿ ಮೊದಲ ವಾರದಲ್ಲೇ ಐರ್ಲೆಂಡಿನ ರಾಸ್‌ಲೇರ್ ಬಂದರಿನಿಂದ ಫ್ರಾನ್ಸಿನ ಡನ್‌ಕರ್ಕ್‌ಗೆ ನೇರ ಹಡಗು ಶುರುವಾಯಿತು. ಸುಮಾರು ಇಪ್ಪತ್ನಾಲ್ಕು ಗಂಟೆಯ ಪ್ರಯಾಣ, ಬ್ರಿಟನ್ನಿನ ಮೂಲಕ ಹೋಗುವುದಕ್ಕಿಂತ ನಿಧಾನ. ಆದರೂ ಹಡಗುಗಳು ತುಂಬಿದವು. ತಡವಾದರೂ ಸರಿ, ಇಷ್ಟು ಹೊತ್ತಿಗೆ ತಲುಪುತ್ತದೆ ಎಂದು ಗೊತ್ತಿರುವುದು ಕಾರ್ಖಾನೆಗೆ ಮುಖ್ಯ.

ಮಾತು ಮುಗಿಯುವ ಮೊದಲೇ ಸಭೆಯಿಂದ ಒಬ್ಬ ತಾಯಿ ಎದ್ದು ಕೇಳಿದರು: "ಹಾಗಾದರೆ ಮತ್ತೆ ಒಳಗೆ ಸೇರಿಕೊಂಡರೆ ಎಲ್ಲ ಮೊದಲಿನಂತೆ ಆಗುತ್ತದೆಯೆ?" ಒಳ್ಳೆಯ ಪ್ರಶ್ನೆ. 2025ರ ಮೇ 19ರಂದು ಲಂಡನ್ನಿನಲ್ಲಿ ಎರಡೂ ಕಡೆಯವರು ಕೂತು ಸಂಬಂಧವನ್ನು ಹೊಸದಾಗಿ ಹೊಂದಿಸಲು ಒಪ್ಪಿದರು. ಆಹಾರ ಮತ್ತು ಸಸ್ಯಗಳ ತಪಾಸಣೆ ಸಡಿಲಿಸುವ ಮಾತಿದೆ, ಕಾರ್ಖಾನೆಗಳು ಇಂಗಾಲ ಹೊರಸೂಸುವ ಪರವಾನಗಿಗಳನ್ನು ಕೊಂಡು ಮಾರುವ ಇಂಗಾಲ ಮಾರುಕಟ್ಟೆಗಳನ್ನು ಜೋಡಿಸುವ ಮಾತಿದೆ. ಏಕ ಮಾರುಕಟ್ಟೆಗಾಗಲಿ ಸುಂಕ ಒಕ್ಕೂಟಕ್ಕಾಗಲಿ ಮರಳುವುದಿಲ್ಲ ಎಂದು ಬ್ರಿಟಿಷ್ ಸರ್ಕಾರ ಸ್ಪಷ್ಟವಾಗಿ ಹೇಳಿತು. ಒಂದು ವೇಳೆ ಮರಳಿದರೂ, ಪೋಲೆಂಡಿನ ಪೂರೈಕೆದಾರ ಈಗಾಗಲೇ ಯಂತ್ರ ಕೊಂಡಿದ್ದಾನೆ, ಕೆಲಸಗಾರರನ್ನು ತರಬೇತಿ ಮಾಡಿದ್ದಾನೆ. ಅವನನ್ನು ಬಿಟ್ಟು ಹಳೆಯ ಬ್ರಿಟಿಷ್ ಗೆಳೆಯನ ಬಳಿಗೆ ಗಿರಾಕಿ ಹಿಂದಿರುಗುವುದಕ್ಕೆ ಅವನಿಗೊಂದು ಕಾರಣ ಬೇಕು.

ಆ ತಾಯಿಗೆ ಉತ್ತರವಾಗಿ ನಾನು ಸ್ವಿಂಡನ್ ಬಗ್ಗೆ ಹೇಳಿದೆ. ಹೋಂಡಾ ಕಾರ್ಖಾನೆ 2021ರ ಜುಲೈ 30ರಂದು ಮುಚ್ಚಿತು. ಅಲ್ಲಿ ಸುಮಾರು 3,500 ಉದ್ಯೋಗಗಳಿದ್ದವು. ಇದಕ್ಕೆ ಬ್ರೆಕ್ಸಿಟ್ ಕಾರಣವಲ್ಲ, ಜಗತ್ತಿನ ಕಾರು ಉದ್ದಿಮೆಯ ಬದಲಾವಣೆ ಕಾರಣ ಎಂದು ಕಂಪನಿ ಹೇಳಿತು. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಜಪಾನ್ ಮತ್ತು ಒಕ್ಕೂಟದ ಒಪ್ಪಂದದಿಂದ ಜಪಾನಿನಲ್ಲೇ ತಯಾರಾದ ಕಾರಿಗೂ ಸುಂಕ ಹಂತಹಂತವಾಗಿ ಇಳಿಯುತ್ತಿತ್ತು, ಬ್ರಿಟನ್ನಿನ ಬಾಗಿಲು ಅವರಿಗೆ ಮೊದಲಿನಷ್ಟು ಬೇಕಿರಲಿಲ್ಲ ಎಂಬುದೂ ನಿಜ. ಆ ನೆಲವನ್ನು ಕೊಂಡದ್ದು ಗೋದಾಮುಗಳನ್ನು ಕಟ್ಟುವ ಒಂದು ಕಂಪನಿ. ಒಂದು ಗಂಟೆಯ ದಾಸ್ತಾನಿನ ಮೇಲೆ ನಡೆಯುತ್ತಿದ್ದ ಜೋಡಣಾ ಸಾಲನ್ನು ಕೆಡವಿ, ಅದೇ ಜಾಗದಲ್ಲಿ ಈಗ ಸಾಲುಸಾಲಾಗಿ ಗೋದಾಮುಗಳನ್ನು ಎಬ್ಬಿಸುತ್ತಿದ್ದಾರೆ.